ತುಳಸಿ ಕುಂಡವೂ ಸೊಳ್ಳೆಯೂ: ಕೀಟಗಳು ಗಂಧವನ್ನು ಅರಿಯುವ ಬಗೆ

ಮಳೆಗಾಲ ಆರಂಭವಾಯಿತೆಂದರೆ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಜ್ವರಪೀಡಿತರ ಸಂಖ್ಯೆಯೇ ಅಧಿಕ. ಕೆಲವು ವರ್ಷಗಳ ಹಿಂದಿನ ಒಂದು ಶ್ರಾವಣ ಮಾಸದಲ್ಲಿ ನಮ್ಮ ಬೀದಿಯ ನಿವೃತ್ತ ಶಾಲಾ ಶಿಕ್ಷಕರೊಬ್ಬರು ತಮ್ಮ ಒಂಬತ್ತು ವರ್ಷದ ಮೊಮ್ಮಗಳನ್ನು ಕರೆತಂದರು. ಮೂರು ದಿನಗಳಿಂದ ಬಿಡದ ಜ್ವರ, ಕಣ್ಣುಗಳ ಹಿಂಭಾಗದಲ್ಲಿ ನೋವು, ಮೈಯೆಲ್ಲ ಹಿಂಡಿದಂತಹ ವೇದನೆ. ರಕ್ತಪರೀಕ್ಷೆ ಮಾಡಿಸಿದಾಗ ಅದು ಡೆಂಗ್ಯೂ ಎಂಬುದು ಖಚಿತವಾಯಿತು. ಮಗುವನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಐದು ದಿನಗಳ ಬಳಿಕ ಮಗು ಗುಣಮುಖವಾಗಿ ಮನೆಗೆ ಮರಳಿತು.

ಆದರೆ ಅಂದು ನನ್ನ ಚಿಕಿತ್ಸಾಲಯದ ಮೆಟ್ಟಿಲಿಳಿಯುವಾಗ ಮೇಷ್ಟ್ರು ಕೇಳಿದ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. "ಡಾಕ್ಟ್ರೇ, ತುಳಸಿ, ಮಜ್ಜಿಗೆಹುಲ್ಲು ಬೆಳೆಸಿದರೆ ಸೊಳ್ಳೆ ಹತ್ತಿರ ಸುಳಿಯುವುದಿಲ್ಲ ಎಂದು ತಾವೇ ಹೇಳಿದ್ದಿರಿ. ಮಹಡಿಯ ಮೇಲೆ ಹನ್ನೆರಡು ಕುಂಡ ಇಟ್ಟಿದ್ದೇನೆ. ಸಂಜೆ ಧೂಪ ತಪ್ಪಿಸಿಲ್ಲ. ಆದರೂ ಮಗುವಿಗೆ ಹೀಗೇಕಾಯಿತು?"

ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆಯೇ ಅವರ ಮನೆಯ ಮಹಡಿಗೆ ಹೋದೆ. ಗಿಡಗಳು ಸೊಂಪಾಗಿ ಬೆಳೆದಿದ್ದವು. ಪ್ರತಿಯೊಂದು ಕುಂಡದ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ, ತಟ್ಟೆಯಲ್ಲಿ ಮಳೆನೀರು, ನೀರಿನಲ್ಲಿ ಮೇಲಕ್ಕೂ ಕೆಳಕ್ಕೂ ಬಳುಕುತ್ತಿದ್ದ ಸೊಳ್ಳೆಯ ಮರಿಗಳು. ಸೊಳ್ಳೆಯನ್ನು ಓಡಿಸಲೆಂದು ಇಟ್ಟ ಕುಂಡವೇ ಸೊಳ್ಳೆಗೆ ತೊಟ್ಟಿಲಾಗಿತ್ತು. ಆ ಸಲಹೆಯನ್ನು ಕೊಟ್ಟವನು ನಾನು.

ವೈದ್ಯನಾದವನು ತಾನು ಕೊಟ್ಟ ಸಲಹೆಯ ಬುಡವನ್ನೂ ನೋಡಬೇಕು. ಹೂವು, ಎಲೆ, ಧೂಪಗಳ ಗಂಧಕ್ಕೂ ಹಾರುವ ಕೀಟಗಳಿಗೂ ಇರುವ ಸಂಬಂಧವೇನು ಎಂಬುದನ್ನು ಅಂದಿನಿಂದ ಶ್ರದ್ಧೆಯಿಂದ ಓದತೊಡಗಿದೆ. ತಿಳಿದುಕೊಂಡದ್ದನ್ನು ಓದುಗ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಗಾಳಿಯಲ್ಲಿ ಬರೆದ ವಿಳಾಸ

ಗಂಧವು ಪೃಥ್ವೀ ಮಹಾಭೂತದ ಗುಣವೆಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ಅದನ್ನು ಹೊತ್ತು ತಿರುಗುವುದು ವಾಯು. ಪ್ರತಿಯೊಂದು ಸಸ್ಯವೂ ತನ್ನ ಎಲೆ, ಹೂವು, ಹಣ್ಣುಗಳಿಂದ ಗಾಳಿಯಲ್ಲಿ ಬೆರೆಯುವ ಅತಿಸೂಕ್ಷ್ಮ ದ್ರವ್ಯಗಳನ್ನು ಸದಾ ಬಿಡುತ್ತಿರುತ್ತದೆ. ಹುಲ್ಲು ಕೊಯ್ದಾಗ ಬರುವ ಹಸಿ ವಾಸನೆ, ಸಾಸಿವೆ ಅರೆದಾಗ ಮೂಗಿಗೇರುವ ಘಾಟು, ಮಾವು ಮಾಗಿದಾಗ ಮನೆಯೆಲ್ಲ ತುಂಬುವ ಪರಿಮಳ, ಇವೆಲ್ಲವೂ ಅಂತಹ ದ್ರವ್ಯಗಳೇ. ನಮಗೆ ಅವು ಹಿತವಾದ ಅಥವಾ ಅಹಿತವಾದ ವಾಸನೆಗಳು ಮಾತ್ರ. ಕೀಟಕ್ಕಾದರೋ ಅದು ವಿಳಾಸ. ಎಲ್ಲಿ ಆಹಾರವಿದೆ, ಎಲ್ಲಿ ಮೊಟ್ಟೆಯಿಡಬಹುದು, ಯಾವುದು ತನಗೆ ಒಗ್ಗುವ ಗಿಡ, ಯಾವುದು ಒಗ್ಗದ ಗಿಡ ಎಂಬುದನ್ನು ಅದು ಬಹುಮಟ್ಟಿಗೆ ವಾಸನೆಯಿಂದಲೇ ನಿರ್ಧರಿಸುತ್ತದೆ.

ಕೀಟಕ್ಕೆ ನಮ್ಮಂತೆ ಮೂಗಿಲ್ಲ. ತಲೆಯ ಮುಂಭಾಗದಲ್ಲಿರುವ ಎರಡು ಮೀಸೆಗಳೇ ಅದರ ಘ್ರಾಣೇಂದ್ರಿಯ. ಆ ಮೀಸೆಗಳ ಮೇಲೆ ಬರಿಗಣ್ಣಿಗೆ ಕಾಣದ ಸೂಕ್ಷ್ಮ ರೋಮಗಳಿವೆ. ಅವುಗಳ ಮೈಯಲ್ಲಿ ಇನ್ನೂ ಸೂಕ್ಷ್ಮವಾದ ರಂಧ್ರಗಳಿವೆ. ಗಂಧದ ಕಣಗಳು ಆ ರಂಧ್ರಗಳ ಮೂಲಕ ಒಳಹೊಕ್ಕು ನರಗಳನ್ನು ಮುಟ್ಟುತ್ತವೆ.

ಗಂಧವನ್ನು ಅರಿತರೆ ಸಾಲದು, ಅದು ಬರುತ್ತಿರುವ ದಿಕ್ಕೂ ತಿಳಿಯಬೇಕಲ್ಲವೇ? ಊದುಬತ್ತಿಯ ಹೊಗೆಯನ್ನು ಗಮನಿಸಿ. ಅದು ನೇರವಾದ ಗೆರೆಯಾಗಿ ಹರಿಯದೆ, ಎಳೆಎಳೆಯಾಗಿ ಹರಿದು, ತುಂಡಾಗಿ, ಸುರುಳಿಯಾಗಿ ಚದುರುತ್ತದೆ. ಹೂವಿನ ಗಂಧವೂ ಗಾಳಿಯಲ್ಲಿ ಹೀಗೆಯೇ ಸಾಗುತ್ತದೆ. ಕೀಟವು ಗಂಧದ ಒಂದು ಎಳೆ ಸೋಕಿದೊಡನೆ ಗಾಳಿಗೆ ಎದುರಾಗಿ ಮುನ್ನುಗ್ಗುತ್ತದೆ. ಎಳೆ ತಪ್ಪಿತೆಂದರೆ ಗಾಳಿಗೆ ಅಡ್ಡಡ್ಡವಾಗಿ ಅತ್ತಿಂದಿತ್ತ ಹಾರಾಡಿ ಹುಡುಕುತ್ತದೆ. ಮತ್ತೆ ಸಿಕ್ಕರೆ ಮತ್ತೆ ಮುಂದಕ್ಕೆ. ಹಾರುತ್ತಿರುವ ಪ್ರಾಣಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ಹೇಗೆ ತಿಳಿಯಬೇಕು? ಇಂಗ್ಲೆಂಡಿನ ವಿಜ್ಞಾನಿ ಜಾನ್ ಕೆನಡಿ ಅವರು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯನ್ನೇ ಗಾಳಿ ಬೀಸುವ ಸುರಂಗದಲ್ಲಿ ಹಾರಿಸಿ, 1940ರ ಹೊತ್ತಿಗೆ ಇದಕ್ಕೆ ಉತ್ತರ ಕಂಡುಕೊಂಡರು. ಸೊಳ್ಳೆಯು ಹಾರುವಾಗ ಕೆಳಗಿನ ನೆಲವನ್ನು ನೋಡುತ್ತಿರುತ್ತದೆ; ನೆಲವು ಕಣ್ಣಿನಡಿಯಲ್ಲಿ ಯಾವ ಕಡೆಗೆ ಸರಿಯುತ್ತದೆ ಎಂಬುದರಿಂದ ಗಾಳಿಯ ದಿಕ್ಕನ್ನು ಅರಿಯುತ್ತದೆ. ಮೀಸೆ ಗಂಧವನ್ನು ಹೇಳುತ್ತದೆ, ಕಣ್ಣು ದಾರಿಯನ್ನು ಹೇಳುತ್ತದೆ. ಎಳ್ಳಿನಷ್ಟೂ ಇಲ್ಲದ ಮಿದುಳಿನಲ್ಲಿ ಇಷ್ಟೆಲ್ಲ ವ್ಯವಹಾರ ನಡೆಯುತ್ತದೆಯೆಂಬುದು ಸೃಷ್ಟಿಯ ವಿಸ್ಮಯವೇ ಸರಿ.

ಪೂಸಾದ ಕರವಸ್ತ್ರ

ಗಂಧದ ವಿಷಯದಲ್ಲಿ ನನ್ನ ತಪ್ಪು ತಿಳಿವಳಿಕೆಯನ್ನು ತಿದ್ದಿದ್ದು ನಮ್ಮ ದೇಶದಲ್ಲಿಯೇ ನಡೆದ ಒಂದು ಘಟನೆ. ಬಿಹಾರದ ಪೂಸಾ ಎಂಬಲ್ಲಿ 1905ರಲ್ಲಿ ಕೃಷಿ ಸಂಶೋಧನಾ ಸಂಸ್ಥೆಯೊಂದು ಸ್ಥಾಪನೆಯಾಯಿತು. ಅಲ್ಲಿ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರಿದ್ದರು. ಅವರ ನೆರೆಯವರೊಬ್ಬರು ಸೊಳ್ಳೆಯ ಕಾಟ ತಪ್ಪಿಸಿಕೊಳ್ಳಲು ತಮ್ಮ ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆಯನ್ನು ಹಚ್ಚಿಕೊಂಡಿದ್ದರು. ಇದು ನಮ್ಮ ಮಜ್ಜಿಗೆಹುಲ್ಲಿನ ಜಾತಿಗೇ ಸೇರಿದ ಇನ್ನೊಂದು ಹುಲ್ಲಿನಿಂದ ತೆಗೆಯುವ ಎಣ್ಣೆ. ಆದರೆ ಆ ಕರವಸ್ತ್ರಕ್ಕೆ ಬೇರೊಂದು ಬಗೆಯ ನೊಣಗಳು ಬಂದು ಮುತ್ತತೊಡಗಿದವು! ಪರೀಕ್ಷಿಸಿದಾಗ ಅವು ಮಾವು ಮುಂತಾದ ಫಲಗಳನ್ನು ಹಾಳುಮಾಡುವ ಹಣ್ಣುನೊಣಗಳೆಂದೂ, ಅವೆಲ್ಲವೂ ಗಂಡು ನೊಣಗಳೆಂದೂ ತಿಳಿಯಿತು. ಹೌಲೆಟ್ ಅವರು 1912ರಲ್ಲಿ ಈ ವಿಷಯವನ್ನು ಪ್ರಕಟಿಸಿದರು. ಮುಂದೆ 1915ರಲ್ಲಿ ಆ ನೊಣಗಳನ್ನು ಸೆಳೆಯುವ ದ್ರವ್ಯ ಮಿಥೈಲ್ ಯೂಜಿನಾಲ್ ಎಂಬುದನ್ನು ಗುರುತಿಸಿದರು.

ಈ ದ್ರವ್ಯವನ್ನು ನೆಕ್ಕಿದ ಗಂಡು ನೊಣವು ಅದನ್ನು ತನ್ನ ಶರೀರದಲ್ಲಿ ಪರಿವರ್ತಿಸಿಕೊಂಡು ಹೆಣ್ಣನ್ನು ಕರೆಯುವ ಗಂಧವನ್ನಾಗಿ ಬಳಸುತ್ತದೆ. ಹೆಣ್ಣು ನೊಣವಾದರೋ ಮಾಗುತ್ತಿರುವ ಹಣ್ಣಿನ ಪರಿಮಳದ ಜಾಡು ಹಿಡಿದು ಬಂದು, ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹೊರಗೆ ಚೆಂದವಾಗಿ ಕಾಣುವ ಮಾವನ್ನು ಹೆಚ್ಚಿದಾಗ ಒಳಗೆ ಬಿಳಿಯ ಹುಳುಗಳು ಕಾಣುವುದು ಇದರಿಂದಲೇ. ಇಂದು ನಮ್ಮ ಮಾವಿನ ತೋಟಗಳಲ್ಲಿ ತೂಗುಹಾಕುವ ಮೋಹಕ ಬಲೆಗಳಲ್ಲಿರುವುದು ಪೂಸಾದ ಕರವಸ್ತ್ರದಲ್ಲಿ ಸಿಕ್ಕ ಅದೇ ದ್ರವ್ಯ. ಗಂಡು ನೊಣಗಳು ಬಲೆಗೆ ಬಿದ್ದರೆ ಹೆಣ್ಣುಗಳ ಮೊಟ್ಟೆಗಳು ಫಲಿಸುವುದಿಲ್ಲ.

ಇದರಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಕೆಲವು ಬಗೆಯ ತುಳಸಿಯ ಎಲೆಯಲ್ಲಿಯೂ ಇದೇ ಮಿಥೈಲ್ ಯೂಜಿನಾಲ್ ಹೇರಳವಾಗಿದೆ. ತುಳಸಿಯ ರಸವನ್ನು ಹಣ್ಣುನೊಣದ ಬಲೆಯಲ್ಲಿ ಬಳಸುವ ರೂಢಿಯೂ ಇದೆ. ಅಂದರೆ ತುಳಸಿಯು ಸಕಲ ಕ್ರಿಮಿಕೀಟಗಳನ್ನೂ ಓಡಿಸುತ್ತದೆ ಎಂಬ ಮಾತು ಪೂರ್ಣ ಸತ್ಯವಲ್ಲ. ಒಂದೇ ಎಣ್ಣೆ ಸೊಳ್ಳೆಗೆ ಬೇಡವಾಗಿ, ಹಣ್ಣುನೊಣಕ್ಕೆ ಬೇಕಾಯಿತು. ಔಷಧದ ಗುಣವು ರೋಗಿಯ ಪ್ರಕೃತಿಯನ್ನು ಅನುಸರಿಸುವಂತೆ, ಗಂಧದ ಗುಣವು ಅದನ್ನು ಗ್ರಹಿಸುವ ಜೀವಿಯನ್ನು ಅನುಸರಿಸುತ್ತದೆ.

ಸೊಳ್ಳೆಯೂ ಹೂವನ್ನು ಹುಡುಕುತ್ತದೆ

ಸೊಳ್ಳೆಯೆಂದರೆ ರಕ್ತಪಿಪಾಸು ಎಂದೇ ನಾವು ತಿಳಿದಿದ್ದೇವೆ. ವಾಸ್ತವವಾಗಿ ಗಂಡು ಸೊಳ್ಳೆಯು ರಕ್ತವನ್ನು ಮುಟ್ಟುವುದೇ ಇಲ್ಲ. ಹೂವಿನ ಮಕರಂದವೂ ಸಸ್ಯರಸವೂ ಅದರ ಆಹಾರ. ಹೆಣ್ಣು ಸೊಳ್ಳೆಗೂ ಹಾರಾಟದ ಶಕ್ತಿಗಾಗಿ ಮಕರಂದ ಬೇಕು. ರಕ್ತ ಬೇಕಾಗುವುದು ಮೊಟ್ಟೆಗಳು ಬಲಿಯಲು. ಆದ್ದರಿಂದ ಸೊಳ್ಳೆಯ ಘ್ರಾಣಶಕ್ತಿಯು ಹೂವನ್ನೂ ಮನುಷ್ಯನನ್ನೂ ಹುಡುಕುವಂತೆ ರೂಪುಗೊಂಡಿದೆ.

ಉತ್ತರ ಅಮೆರಿಕದ ತೇವಭರಿತ ಕಾಡುಗಳಲ್ಲಿ ಸೊಳ್ಳೆಗಳಿಂದಲೇ ಪರಾಗಸ್ಪರ್ಶ ಮಾಡಿಸಿಕೊಳ್ಳುವ ಪುಟ್ಟ ಆರ್ಕಿಡ್ ಒಂದಿದೆ. ಅದರ ಗಂಧವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿ 2020ರಲ್ಲಿ ವಿವರ ಪ್ರಕಟಿಸಿದರು. ಆ ಹೂವಿನಲ್ಲಿ ನೊನಾನಾಲ್ ಎಂಬ ದ್ರವ್ಯ ಹೆಚ್ಚಾಗಿಯೂ, ಲೈಲಾಕ್ ಆಲ್ಡಿಹೈಡ್ ಎಂಬ ಇನ್ನೊಂದು ದ್ರವ್ಯ ಅತ್ಯಲ್ಪವಾಗಿಯೂ ಇದೆ. ಈ ಪ್ರಮಾಣಕ್ಕೆ ಸೊಳ್ಳೆ ಒಲಿದು ಬರುತ್ತದೆ. ಅದೇ ಕುಲದ ಬೇರೆ ಹೂವುಗಳಲ್ಲಿ ಎರಡನೆಯ ದ್ರವ್ಯವು ಹೆಚ್ಚಾಗಿರುವುದರಿಂದ ಸೊಳ್ಳೆ ದೂರ ಸರಿಯುತ್ತದೆ. ದ್ರವ್ಯಗಳು ಅವೇ, ಪ್ರಮಾಣ ಮಾತ್ರ ಬೇರೆ. ಈ ನೊನಾನಾಲ್ ನಮ್ಮ ಚರ್ಮದ ವಾಸನೆಯಲ್ಲಿಯೂ ಇರುತ್ತದೆ ಎಂಬುದು ಇನ್ನೊಂದು ಸ್ವಾರಸ್ಯ.

ನಮ್ಮ ಹೊಲಗದ್ದೆಗಳ ಬದುವಿನಲ್ಲಿ, ಖಾಲಿ ನಿವೇಶನಗಳಲ್ಲಿ ಬೆಳೆದು ನಿಂತಿರುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ, ಎಲ್ಲರಿಗೂ ಪರಿಚಿತ. ಅದರಿಂದ ಚರ್ಮರೋಗ, ಉಬ್ಬಸ ಬರುವುದನ್ನು ನಾವು ಬಲ್ಲೆವು. ಕೀನ್ಯಾ ದೇಶದ ನೈರೋಬಿಯಲ್ಲಿರುವ ಕೀಟ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ಆಫ್ರಿಕಾದಲ್ಲಿ ಮಲೇರಿಯಾ ಹರಡುವ ಸೊಳ್ಳೆಯು ಈ ಕಳೆಯ ಗಂಧಕ್ಕೆ ಆಕರ್ಷಿತವಾಗುತ್ತದೆಂದೂ, ಅದರ ರಸವನ್ನುಂಡ ಹೆಣ್ಣು ಸೊಳ್ಳೆಗಳು ರಕ್ತ ದೊರೆಯದ ಅವಧಿಯಲ್ಲಿಯೂ ಬದುಕುಳಿಯುತ್ತವೆಂದೂ 2015ರಲ್ಲಿ ತೋರಿಸಿದರು. ಮನೆಯ ಸುತ್ತಲಿನ ಈ ಕಳೆಯನ್ನು ಹೂಬಿಡುವ ಮುನ್ನವೇ ಕೈಗವಸು ಧರಿಸಿ ಕೀಳಲು ಇದೂ ಒಂದು ಕಾರಣವಾಗಲಿ.

ಇನ್ನು ಮನುಷ್ಯನ ಮಾತು. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಸೊಳ್ಳೆಯು ಹತ್ತು ಮೀಟರಿಗೂ ಹೆಚ್ಚು ದೂರದಿಂದ ಗ್ರಹಿಸಬಲ್ಲದು. ಹತ್ತಿರ ಬಂದಂತೆ ಕಣ್ಣಿನಿಂದ ನೋಡುತ್ತದೆ, ಬೆವರಿನ ಮತ್ತು ಚರ್ಮದ ವಾಸನೆಯನ್ನು ಹಿಡಿಯುತ್ತದೆ, ಕೊನೆಗೆ ಮೈಯ ಶಾಖವನ್ನು ಅರಿತು ಕುಳಿತುಕೊಳ್ಳುತ್ತದೆ. "ನಿನ್ನ ರಕ್ತ ಸಿಹಿ, ಅದಕ್ಕೇ ಸೊಳ್ಳೆ ಕಚ್ಚುತ್ತದೆ" ಎಂದು ಮನೆಯಲ್ಲಿ ಹಿರಿಯರು ಹೇಳುವುದುಂಟು. ಕೆಲವರನ್ನು ಹೆಚ್ಚು ಕಚ್ಚುವುದು ನಿಜ. ಕಾರಣ ರಕ್ತದ ಸಿಹಿಯಲ್ಲ, ಚರ್ಮದ ಗಂಧ. ಈಡಿಸ್ ಸೊಳ್ಳೆಗಳನ್ನು ಹೆಚ್ಚು ಸೆಳೆಯುವವರ ಚರ್ಮದಲ್ಲಿ ಕೆಲವು ಬಗೆಯ ಆಮ್ಲಗಳು ಅಧಿಕವಾಗಿರುತ್ತವೆಯೆಂದು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಕಂಡುಕೊಂಡರು.

ಕುಂಡದ ಗಿಡ ಏಕೆ ಕಾಯಲಿಲ್ಲ?

ಈಗ ಮೇಷ್ಟ್ರ ಪ್ರಶ್ನೆಗೆ ಬರೋಣ. ತುಳಸಿ, ಮಜ್ಜಿಗೆಹುಲ್ಲು, ನೀಲಗಿರಿ ಮುಂತಾದವುಗಳ ಎಣ್ಣೆಗೆ ಸೊಳ್ಳೆಯನ್ನು ದೂರವಿಡುವ ಶಕ್ತಿ ಇರುವುದು ಸುಳ್ಳಲ್ಲ. ಆದರೆ ಆ ಎಣ್ಣೆಯು ಎಲೆಯ ಸೂಕ್ಷ್ಮ ಗ್ರಂಥಿಗಳಲ್ಲಿ ಅಡಗಿರುತ್ತದೆ. ಎಲೆಯನ್ನು ಉಜ್ಜಿದಾಗ ಮಾತ್ರ ನಮ್ಮ ಕೈಗೆ ಪರಿಮಳ ಹತ್ತುವುದು ಇದಕ್ಕಾಗಿಯೇ. ಸುಮ್ಮನೆ ನಿಂತ ಗಿಡದಿಂದ ಹೊರಬರುವ ಗಂಧ ಅತ್ಯಲ್ಪ. ಅಂಗಳದ ಗಾಳಿಯಲ್ಲಿ ಅದು ಕ್ಷಣದಲ್ಲಿ ಕರಗಿಹೋಗುತ್ತದೆ. ಅದೇ ಸಮಯದಲ್ಲಿ ಮನೆಯೊಳಗಿನ ನಾಲ್ಕಾರು ಜನರ ಉಸಿರೂ ಬೆವರೂ ಸೊಳ್ಳೆಯನ್ನು ಎಡೆಬಿಡದೆ ಕರೆಯುತ್ತಿರುತ್ತವೆ.

ಎಣ್ಣೆಯನ್ನು ಮೈಗೆ ಹಚ್ಚಿಕೊಂಡರೆ ಪ್ರಯೋಜನವುಂಟು, ಆದರೆ ಅಲ್ಪಕಾಲ. ಸಿಟ್ರೊನೆಲ್ಲಾ ಎಣ್ಣೆಯು ಬೇಗ ಆವಿಯಾಗುವುದರಿಂದ ಒಂದೆರಡು ಗಂಟೆಗಳೊಳಗೆ ಅದರ ಪ್ರಭಾವ ಕುಂದುತ್ತದೆ. ನಿಂಬೆಗಂಧದ ನೀಲಗಿರಿಯಿಂದ ಸಿದ್ಧಪಡಿಸುವ ಪಿಎಂಡಿ ಎಂಬ ದ್ರವ್ಯ ಇದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ; ಆದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಅದನ್ನು ಹಚ್ಚಬಾರದು. ಯಾವುದೇ ಸುಗಂಧ ತೈಲವನ್ನು ನೇರವಾಗಿ ಹಚ್ಚದೆ ಕೊಬ್ಬರಿ ಎಣ್ಣೆಯಂತಹ ಎಣ್ಣೆಯಲ್ಲಿ ಬೆರೆಸಿ ತೆಳುವಾಗಿಸಬೇಕು. ಕರ್ಪೂರ ಮತ್ತು ನೀಲಗಿರಿ ಎಣ್ಣೆಗಳನ್ನು ಮಕ್ಕಳ ಕೈಗೆಟುಕದಂತೆ ಇಡಬೇಕು. ಸ್ವಲ್ಪ ಹೊಟ್ಟೆಗೆ ಹೋದರೂ ಎಳೆಯ ಮಕ್ಕಳಿಗೆ ಅಪಸ್ಮಾರದಂತಹ ಸೆಳೆತ ಬರುವ ಅಪಾಯವಿದೆ.

ಧೂಪದ ವಿಷಯ

ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಐದು ಬಗೆಯ ಮಶಕಗಳ, ಅಂದರೆ ಸೊಳ್ಳೆಗಳ, ಉಲ್ಲೇಖವಿದೆ. ಸೂತ್ರಸ್ಥಾನದಲ್ಲಿ ವ್ರಣಪೀಡಿತನಾದ ರೋಗಿಯ ಕೋಣೆಗೆ ಸಾಸಿವೆ, ಬೇವಿನ ಎಲೆ, ತುಪ್ಪ, ಉಪ್ಪುಗಳಿಂದ ದಿನಕ್ಕೆರಡು ಬಾರಿ ಹತ್ತು ದಿನಗಳವರೆಗೆ ಧೂಪ ಹಾಕಬೇಕೆಂದು ಹೇಳಿದೆ. ಕಾಶ್ಯಪಸಂಹಿತೆಯಲ್ಲಿ ಧೂಪಕ್ಕೆಂದೇ ಪ್ರತ್ಯೇಕ ಅಧ್ಯಾಯವಿದೆ. ನಮ್ಮ ಪೂರ್ವಿಕರು ಗಂಧದ ಮಹತ್ವವನ್ನು ಬಲ್ಲವರಾಗಿದ್ದರು. ಆದರೆ ಅವರು ಹೇಳಿದ್ದು ನಿರ್ದಿಷ್ಟ ರೋಗಿಗೆ, ನಿರ್ದಿಷ್ಟ ದ್ರವ್ಯದಿಂದ, ನಿರ್ದಿಷ್ಟ ಅವಧಿಗೆ. ಕಿಟಕಿ ಬಾಗಿಲು ಮುಚ್ಚಿ ದಿನವೂ ಹೊಗೆ ತುಂಬಿಸಬೇಕೆಂದು ಹೇಳಿದವರಲ್ಲ.

ಬೇವಿನ ಹೊಗೆಗೆ ಸೊಳ್ಳೆ ದೂರ ಸರಿಯುತ್ತದೆ. ಹೊಗೆ ಆರಿದೊಡನೆ ಮರಳುತ್ತದೆ. ಬೇವಿನದಾಗಲಿ, ಅಂಗಡಿಯ ಸೊಳ್ಳೆಬತ್ತಿಯದಾಗಲಿ, ಹೊಗೆ ಹೊಗೆಯೇ. ಉಬ್ಬಸವುಳ್ಳವರು, ಹಸುಗೂಸುಗಳು, ವಯೋವೃದ್ಧರು ಇರುವ ಕೋಣೆಯಲ್ಲಿ ಅದು ಬೇಡ. ಇನ್ನೂ ಮುಖ್ಯವಾದುದೇನೆಂದರೆ, ನಾವು ಧೂಪ ಹಾಕುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಹೊತ್ತು ಅದರ ಕಾಟ ಅಧಿಕ. ಮೇಷ್ಟ್ರು ಧೂಪ ಹಾಕುವ ಹೊತ್ತಿಗೆ ಅದು ತನ್ನ ಕೆಲಸ ಮುಗಿಸಿರುತ್ತಿತ್ತು.

ನಾವು ಮಾಡಬೇಕಾದುದು

ಸೊಳ್ಳೆಗೆ ನಮ್ಮ ಗಂಧ ಸಿಗದಂತೆ ಮಾಡುವುದು ಸಾಧ್ಯವಿಲ್ಲ, ಉಸಿರಾಡದೆ ಇರಲಾಗದಷ್ಟೆ. ಆದರೆ ಅದು ಹುಟ್ಟದಂತೆ ಮಾಡುವುದು ನಮ್ಮ ಕೈಯಲ್ಲಿದೆ. ಈಡಿಸ್ ಸೊಳ್ಳೆಯು ಮನೆಯ ಸುತ್ತಮುತ್ತಲಿನ ತಿಳಿನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ 7ರಿಂದ 10 ದಿನಗಳು ಸಾಕು. ಆದ್ದರಿಂದ ವಾರಕ್ಕೊಂದು ದಿನವನ್ನು ನಿಗದಿಮಾಡಿ, ಕುಂಡದ ತಟ್ಟೆ, ಹಳೆಯ ಒರಳುಕಲ್ಲು, ತೆಂಗಿನ ಚಿಪ್ಪು, ಟಯರು, ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರು, ಹಕ್ಕಿಗಳಿಗಾಗಿ ಇಟ್ಟ ಬಟ್ಟಲು, ಇವೆಲ್ಲವನ್ನೂ ಖಾಲಿಮಾಡಬೇಕು. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ನಾರಿನಿಂದ ತಿಕ್ಕಿ ತೊಳೆಯುವುದು ಅಗತ್ಯ. ಕುಡಿಯುವ ನೀರಿನ ತೊಟ್ಟಿ, ಡ್ರಮ್ಮುಗಳಿಗೆ ಬಿಗಿಯಾದ ಮುಚ್ಚಳವಿರಲಿ. ಹಗಲಿನಲ್ಲಿ ಮಲಗುವ ಮಕ್ಕಳಿಗೆ ಸೊಳ್ಳೆಪರದೆ ಕಟ್ಟಿರಿ. ಜ್ವರ ಬಂದವರನ್ನೂ ಪರದೆಯೊಳಗೆ ಮಲಗಿಸಿರಿ. ಅವರನ್ನು ಕಚ್ಚಿದ ಸೊಳ್ಳೆಯೇ ಮನೆಯ ಇತರರಿಗೆ ರೋಗ ತಲುಪಿಸುತ್ತದೆ.

ಡೆಂಗ್ಯೂ ಜ್ವರದಲ್ಲಿ ನೆನಪಿಡಬೇಕಾದ ಮಾತು ಒಂದುಂಟು. ಜ್ವರ ಇಳಿಯಿತೆಂದು ನೆಮ್ಮದಿಪಡುವ ಸಮಯವೇ, ಅಂದರೆ ಸಾಮಾನ್ಯವಾಗಿ 3ರಿಂದ 7ನೆಯ ದಿನದ ನಡುವಣ ಅವಧಿ, ಅಪಾಯದ ಸಮಯ. ತೀವ್ರವಾದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಅತಿಯಾದ ಬಳಲಿಕೆ, ಚಡಪಡಿಕೆ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಜ್ವರಕ್ಕೆ ವೈದ್ಯರ ಸಲಹೆಯಂತೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ನಿಷಿದ್ಧ. ಗಂಜಿ, ಎಳನೀರು, ಮಜ್ಜಿಗೆಗಳನ್ನು ಧಾರಾಳವಾಗಿ ಕೊಡಿರಿ. ಪರಂಗಿ ಎಲೆಯ ರಸದ ಬಗ್ಗೆ ಅನೇಕರು ನನ್ನನ್ನು ಕೇಳುತ್ತಾರೆ. ಆಯುರ್ವೇದ ವೈದ್ಯನಾಗಿಯೇ ನಾನು ಹೇಳುತ್ತೇನೆ: ಆ ರಸವನ್ನು ಕುಡಿಸುತ್ತ, ರಕ್ತಪರೀಕ್ಷೆ ಮಾಡಿಸದೆ ಮನೆಯಲ್ಲಿಯೇ ಕಾಯುವುದು ರೋಗಿಯ ಜೀವದೊಡನೆ ಆಟವಾಡಿದಂತೆ.

ನಮ್ಮ ಮೇಷ್ಟ್ರ ಮಹಡಿಯಲ್ಲಿ ಆ ಹನ್ನೆರಡು ಕುಂಡಗಳು ಇಂದಿಗೂ ಇವೆ. ಅಡಿಯ ತಟ್ಟೆಗಳು ಮಾತ್ರ ಇಲ್ಲ; ಇಟ್ಟಿಗೆಯ ತುಂಡುಗಳ ಮೇಲೆ ಕುಂಡಗಳನ್ನು ಕೂರಿಸಿದ್ದಾರೆ. ತುಳಸಿಯನ್ನು ಕೆಮ್ಮು ನೆಗಡಿಯ ಕಷಾಯಕ್ಕೆ, ಮಜ್ಜಿಗೆಹುಲ್ಲನ್ನು ಚಹಾಕ್ಕೆ ಬಳಸುತ್ತಾರೆ. ಪ್ರತಿ ಭಾನುವಾರ ಬೆಳಿಗ್ಗೆ ಅಜ್ಜ ಮೊಮ್ಮಗಳಿಬ್ಬರೂ ಮನೆಯ ಸುತ್ತ ಒಂದು ಸುತ್ತು ಹಾಕಿ, ನೀರು ನಿಂತದ್ದನ್ನೆಲ್ಲ ಚೆಲ್ಲುತ್ತಾರೆ. ಹೋದ ಮಳೆಗಾಲದಲ್ಲಿ ಆ ಹುಡುಗಿ ನನ್ನ ಚಿಕಿತ್ಸಾಲಯದ ಬಾಗಿಲಲ್ಲಿ ನಿಂತು, "ಡಾಕ್ಟರ್ ತಾತ, ನಿಮ್ಮ ಕುಂಡದ ತಟ್ಟೆಯಲ್ಲೂ ನೀರಿದೆ" ಎಂದಳು. ಎದ್ದುಹೋಗಿ ನೋಡಿದೆ. ನೀರಿತ್ತು. ಚೆಲ್ಲಿ, ತಿಕ್ಕಿ ತೊಳೆದು ಬಂದು ಮುಂದಿನ ರೋಗಿಯನ್ನು ಕರೆದೆ.